ಧಾಟಿ ತಪ್ಪಿದವರು ಯಾರು?

ನಮ್ಮ ಕಡೆ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯೊಳಗೆ, ಬಹಳಷ್ಟು ಹಳ್ಳಿಗಳ ಗುಡಿ ಮೂಲೆಯಲ್ಲಿ ಒಂದು ಪೇಟಿ, ಒಂದೆರಡು ಜೊತೆ ತಾಳ ಇರುತ್ತವೆ. ಅಮಾವಾಸ್ಯೆ ರಾತ್ರಿ ಅವು ಹೊರಗೆ ಬರುತ್ತವೆ. ಮೊದಲು ಗಣಪತಿ, ಆಮೇಲೆ ಕೊಟ್ಟೂರೇಶ್ವರ. ನಡುರಾತ್ರಿ ದಾಟಿ ನಿದ್ದೆ ತೂಗುವ ಹೊತ್ತಿಗೆ ಶಿಶುನಾಳ ಷರೀಫ್ ಸಾಹೇಬರು.

ಷರೀಫರ ಸೋರುವ ಮಾಳಿಗೆಯ ಹಾಡು ನಮ್ಮೂರಲ್ಲಿ ಒಬ್ಬ ಗೌಂಡಿ ಅಜ್ಜನದೇ ಆಗಿತ್ತು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಚೌಳು ಮಣ್ಣು ಹಾಸುವ ಕೆಲಸಕ್ಕೆ ಊರವರು ಅವರನ್ನೇ ಕರೆಯೋರು. ಹಾಗಾಗಿ ಹಾಡಿನ ನಡುವೆ ಎಲ್ಲೋ ಒಂದು ಕಡೆ ಅವರು ಚೌಳು ಮಣ್ಣನ್ನೂ ತಂದು ಹಾಕಿದ್ದರು. ಷರೀಫರ ಪದದಲ್ಲಿ ಅದಿಲ್ಲ. ಧಾಟಿಯೂ ಬೇರೆ. ಎಳೆದು ಎಳೆದು, ಬಿಟ್ಟು ಬಿಟ್ಟು, ಒಂದೊಂದು ಹನಿ ಬಿದ್ದ ಹಾಗೆ ಹಾಡುತ್ತಿದ್ದರು.

ನಾನಾಗ ಡಿಗ್ರಿ ಓದುತ್ತಿದ್ದೆ. ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನೆಮಾ 1990ರಲ್ಲಿ ಬಂದಿತ್ತು. ಸಿ. ಅಶ್ವತ್ಥ್ ಸಂಗೀತದ ಅದರ ಕ್ಯಾಸೆಟ್ಟನ್ನು ರೀಲು ಸವೆಯುವ ತನಕ ಕೇಳಿದ್ದೆ. ರಜೆಗೆ ಬಂದವನು ಭಜನೆಗೆ ಹೋಗಿ ಕೂತೆ. ಅಜ್ಜ ಹಾಡು ಮುಗಿಸಿದ ಕೂಡಲೇ, ಎಲ್ಲರ ಎದುರಿಗೇ ಹೇಳಿದೆ: "ಅಜ್ಜಾ, ಅದು ಹಂಗಲ್ಲ. ಕ್ಯಾಸೆಟ್ಟಿನ್ಯಾಗ ಬ್ಯಾರೆ ಐತಿ."

"ಹೌದೇನಪಾ? ಓದಿದಾಂವ ನೀನು, ನಿನಗ ಗೊತ್ತಿರತೈತಿ," ಅಂದರು. ಪೇಟಿಯನ್ನು ಪಕ್ಕದವರ ಕಡೆ ಸರಿಸಿದರು. ಸಿಟ್ಟೇನೂ ಇರಲಿಲ್ಲ. ಆದರೆ ನಾನು ಇದ್ದಾಗ ಆ ಹಾಡನ್ನು ಅವರು ಮತ್ತೆ ಎತ್ತಲಿಲ್ಲ.

ಅವರು ತೀರಿಕೊಂಡು ವರ್ಷಗಳಾದವು. ನಾನು ಮಾಡಿದ ತಪ್ಪು ಯಾವುದು ಅಂತ ಈಗಲೂ ಯೋಚನೆ ಮಾಡುತ್ತೇನೆ. ಹಿರಿಯರನ್ನು ಹತ್ತು ಮಂದಿ ಎದುರು ತಿದ್ದಿದ್ದು ಸರಿಯಲ್ಲ, ಅದು ಬಿಡಿ. ಅದಕ್ಕಿಂತ ಒಳಗೆ ಇನ್ನೊಂದಿದೆ.

ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ. ಅವರ ದನಿಯನ್ನು ಯಾವ ಯಂತ್ರವೂ ಹಿಡಿದಿಟ್ಟಿಲ್ಲ. ಹಾಡುಗಳು ಬಹುಕಾಲ ಹಾಡುವವರ ಬಾಯಲ್ಲೇ ಉಳಿದು ಆಮೇಲೆ ಪುಸ್ತಕಕ್ಕೆ ಬಂದವು. ಅಂದಮೇಲೆ ಅಶ್ವತ್ಥರದು ಅಶ್ವತ್ಥರ ಧಾಟಿ, ಅಜ್ಜನದು ಅಜ್ಜನ ಗುರುವಿನ ಧಾಟಿ. ಅಜ್ಜನದೇ ಹಳೆಯದು, ಆದ್ದರಿಂದ ಅದೇ ಅಸಲಿ ಅಂತ ವಾದ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ನಮ್ಮ ಭಜನೆಯ ಎಷ್ಟೋ ಧಾಟಿಗಳು ಕಂಪನಿ ನಾಟಕದಿಂದ ಬಂದವು. ಅಜ್ಜನದೂ ಅಂಥದ್ದೇ ಇರಬಹುದು. (ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಮಾತ್ರ ಇದ್ದಲ್ಲೇ ಇದೆ. ಅಸಲಿ ಜಿಲ್ಲೆ ಯಾವುದು ಅಂತ ಕೇಳಿದರೆ ಏನು ಹೇಳೋದು?)

ಅಮೆರಿಕದಲ್ಲಿ ಬಾಬ್ ಡಿಲನ್ ಹಾಡುಗಳನ್ನು ಜಾನಿ ಕ್ಯಾಶ್, ವಿಲ್ಲಿ ನೆಲ್ಸನ್‌ರಂಥ ಕಂಟ್ರಿ ಗಾಯಕರು ತಮ್ಮ ಸೀಮೆಯ ದನಿಯಲ್ಲಿ ಹಾಡಿದರು. ಡಿಲನ್ನರ ಇನ್ನೊಂದು ಹಾಡನ್ನು ಜಿಮಿ ಹೆಂಡ್ರಿಕ್ಸ್ 1968ರಲ್ಲಿ ಗಿಟಾರಿನಿಂದ ಕುಲುಕಿಬಿಟ್ಟ. ಅದನ್ನು ಕೇಳಿದ ಡಿಲನ್ ಮುಂದೆ ವೇದಿಕೆ ಮೇಲೆ ತನ್ನ ಹಾಡನ್ನೇ ಹೆಂಡ್ರಿಕ್ಸ್ ಹಾದಿಯಲ್ಲಿ ಹಾಡತೊಡಗಿದ. ಬರೆದವನೇ ಹಾಡಿದವನಿಂದ ಕಲಿತ! ಅದೇ ಡಿಲನ್ನರ 'ಬ್ಲೋಯಿಂಗ್ ಇನ್ ದ ವಿಂಡ್' ಧಾಟಿ ಗುಲಾಮರ ಕಾಲದ ಹಳೆಯ ಕಪ್ಪುಜನರ ಹಾಡಿನಿಂದ ಬಂದದ್ದು, ಇದನ್ನು ಆತನೂ ಒಪ್ಪಿಕೊಂಡಿದ್ದಾನೆ. ನಮ್ಮಲ್ಲೂ ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಷರೀಫರ ಗುಡುಗುಡಿ ಹಾಡಿಗೆ ಗಿಟಾರು ಕಟ್ಟಿದರು. ಅವರನ್ನು ನಿಲ್ಲಿಸಿ "ಅದು ಹಂಗಲ್ಲ" ಅನ್ನುವ ಧೈರ್ಯ ನನಗೆ ಬಂದಿರಲಿಲ್ಲ. ಗೌಂಡಿ ಅಜ್ಜನ ಎದುರು ಬಂದಿತ್ತು. ಪೇಟೆಯವರು ಬದಲಾಯಿಸಿದರೆ ಪ್ರಯೋಗ, ಹಳ್ಳಿಯವರು ಬದಲಾಯಿಸಿದರೆ ತಪ್ಪು ಅನ್ನುವ ಲೆಕ್ಕ ನನ್ನ ತಲೆಯಲ್ಲಿತ್ತು.

ಹಾಗಾದರೆ ಯಾರು ಏನು ಮಾಡಿದರೂ ನಡೆಯುತ್ತದಾ? ಚೌಳು ಮಣ್ಣು ಸೇರಿಸಿ, ಕೊನೆಗೆ ಶಿಶುನಾಳಾಧೀಶನ ಅಂಕಿತ ಹಾಕಿದರೆ ಷರೀಫರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ ಅಲ್ಲವಾ? ಪುಸ್ತಕ ಅಚ್ಚು ಹಾಕುವವರು ಹೀಗೆ ಮಾಡಿದರೆ ಖಂಡಿತ ತಪ್ಪು ಅಂತೀನಿ. ಹಾಡುವವರ ವಿಷಯ ಬೇರೆ. ಸೋರುವ ಮಾಳಿಗೆ ಅಂದರೆ ಈ ದೇಹ, ಈ ಮನಸ್ಸು ಅಂತ ಅಜ್ಜನಿಗೆ ಗೊತ್ತಿತ್ತು. ಜೀವನವಿಡೀ ಬೇರೆಯವರ ಮಾಳಿಗೆ ಸೋರದಂತೆ ಮಣ್ಣು ಹೊತ್ತವರು ಅವರು. ಅವರು ಸೇರಿಸಿದ ಪದ ಷರೀಫರ ಮಾತಿನ ದಿಕ್ಕಿಗೇ ಹೋಗುತ್ತಿತ್ತು. ಅದೇ ಹಾಡಿಗೆ ಯಾರಾದರೂ ಒಂದು ಜಾತಿಯನ್ನೋ ಧರ್ಮವನ್ನೋ ಚುಚ್ಚುವ ಪದ ಸೇರಿಸಿ ಅಂಕಿತ ಹಾಗೇ ಉಳಿಸಿದರೆ, ಧಾಟಿ ಎಷ್ಟೇ ಶುದ್ಧವಿದ್ದರೂ ಅದು ಮೋಸ. ಮುಸ್ಲಿಮನಾಗಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರು ಅಂದುಕೊಂಡವರ ಹಾಡು ಅದು.

ನನಗೆ ಇನ್ನೂ ಕಸಿವಿಸಿಯಾಗುವುದು ಅಂಕಿತದ ನುಡಿಯನ್ನೇ ಬಿಟ್ಟುಬಿಡುವ ಆರ್ಕೆಸ್ಟ್ರಾದವರನ್ನು ಕಂಡಾಗ. ಟೈಮಿಲ್ಲ ಅಂತಾರೆ. ಷರೀಫರು ತಮ್ಮ ಹೆಸರಿನ ಜಾಗದಲ್ಲಿ ಶಿಶುನಾಳದ ಒಡೆಯನ ಹೆಸರಿಟ್ಟರು. ಅದನ್ನೂ ತೆಗೆದರೆ ಹಾಡು ಯಾರದೂ ಅಲ್ಲದ ಸೊತ್ತಾಗಿ, ಮೊದಲು ಬೇಲಿ ಹಾಕಿದವರ ಪಾಲಾಗುತ್ತದೆ.

ಬೇಲಿಯ ಮಾತು ಬಂತಲ್ಲ. ಈಚೆಗೆ ನಮ್ಮೂರ ಭಜನೆ ಹುಡುಗರು ಸೋರುವ ಮಾಳಿಗೆಯ ಹಾಡನ್ನು ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದರು. ಎರಡು ದಿನಕ್ಕೆ ನೋಟಿಸು: ಈ ಸಂಗೀತದ ಹಕ್ಕು ಬೇರೆಯವರದು. "ಷರೀಫಜ್ಜಂದು ಯಾವಾಗ ಅವರದಾತ್ರಿ ಸಾರ್?" ಅಂತ ಒಬ್ಬ ನನ್ನನ್ನು ಕೇಳಿದ. 1957ರ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಪದಗಳ ಮೇಲೆ ಯಾರಿಗೂ ಹಕ್ಕಿಲ್ಲ. ಆದರೆ ಹುಡುಗರು ಹಾಡಿದ್ದು ಕ್ಯಾಸೆಟ್ಟಿನ ಧಾಟಿಯಲ್ಲಿ. ಅಶ್ವತ್ಥ್ ತೀರಿಕೊಂಡಿದ್ದು 2009ರಲ್ಲಿ. ಕಾನೂನಿನ ಲೆಕ್ಕಕ್ಕೆ ನೋಟಿಸು ಸುಳ್ಳು ಅನ್ನುವ ಹಾಗಿರಲಿಲ್ಲ. ಅಜ್ಜನ ಧಾಟಿಯಲ್ಲಿ ಹಾಡಿದ್ದರೆ ಯಾವ ನೋಟಿಸೂ ಬರುತ್ತಿರಲಿಲ್ಲ. ಆ ಧಾಟಿಯನ್ನು ಗುಡಿಯೊಳಗೆ ಬಾಯಿ ಮುಚ್ಚಿಸಿದವನು ನಾನೇ ಅಂತ ಅವನಿಗೆ ಹೇಳಲಿಲ್ಲ.

ಈ ಸಲ ಕೊಟ್ಟೂರ ತೇರಿಗೆ ಹೋದಾಗ ಅಜ್ಜನ ಮೊಮ್ಮಗ ಸಿಕ್ಕ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೇಳಿದೆ, "ನಿಮ್ಮ ಅಜ್ಜನ ಧಾಟಿ ಬರತೈತೇನೋ?"

ಅವನು ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಎತ್ತಿದ. ಮೊದಲ ಸಾಲು ಅಜ್ಜನದೇ. ಎರಡನೆಯದಕ್ಕೆ ಕ್ಯಾಸೆಟ್ಟಿಗೆ ಜಾರಿದ. ನಿಲ್ಲಿಸಿ ಮತ್ತೆ ಶುರು ಮಾಡಿದ. ಮತ್ತೆ ಅಲ್ಲೇ ಜಾರಿದ.

"ಇಷ್ಟ ಬರತೈತ್ರಿ," ಅಂದ. "ನಿಮಗ ನೆಪ್ಪೈತೇನ್ರಿ?"

ನನಗೆ ನೆನಪಿದ್ದದ್ದು ಚೌಳು ಮಣ್ಣು ಒಂದೇ.