ಒಡೆಯುವ ಸರಕು ಹೊತ್ತವರು

ಬೆಳಗಿನ ಜಾವ ಗೌರಿಬಿದನೂರಿನ ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ಸ್ಟೌವ್ ಬುಸುಗುಡತೊಡಗಿದಾಗ ಊರಿಗೆ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಹಾಲು ಉಕ್ಕಿ ಬಂದು ಇನ್ನೇನು ಚೆಲ್ಲಿತು ಅನ್ನುವಷ್ಟರಲ್ಲಿ ಒಂದು ಹಿಡಿ ಪುಡಿ ಬಿದ್ದು, ಬಿಳುಪಿನ ನಡುವೆ ಮಣ್ಣಿನ ಬಣ್ಣವೊಂದು ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಮಳೆಗಾಲದ ಮೊದಲ ಹೊಳೆಯ ಬಣ್ಣ ಅದು. ಗಾಜಿನ ಲೋಟವನ್ನು ಎರಡೂ ಅಂಗೈಯಲ್ಲಿ ಬಳಸಿ ಹಿಡಿದು, ಬಿಸಿ ಬೆರಳಿಗೆ ಇಳಿಯುವುದನ್ನು ಕಾಯುತ್ತ ನಿಂತಾಗ ಪ್ರತಿ ಸಲವೂ ಅದೇ ಬೆರಗು ನನ್ನನ್ನು ಹಿಡಿಯುತ್ತದೆ. ನಮ್ಮ ಹೊಲದಲ್ಲಿ ಬೆಳೆಯದ, ನಮ್ಮ ತಾತಂದಿರ ತಾತಂದಿರು ಮೂಸಿಯೂ ನೋಡಿರದ ಈ ಎಲೆ ಎಷ್ಟು ಜನರ ಹೆಗಲು, ಎಷ್ಟು ಹಡಗುಗಳ ಹೊಟ್ಟೆ ಹೊಕ್ಕು ಬಂದು ಈ ಲೋಟದ ತಳದಲ್ಲಿ ಎರಡು ಚೂರಾಗಿ ಕೂತಿದೆ!

ಕಡಲು ಕಾಣದ ಸೀಮೆ ನಮ್ಮದು. ಆದರೂ ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಊರ ಪಕ್ಕದಲ್ಲೇ ಉತ್ತರಕ್ಕೆ ಹೊರಳಿ, ಆಂಧ್ರದ ಬಯಲುಗಳನ್ನು ದಾಟಿ, ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ವರ್ಷದ ಬಹುಪಾಲು ಅದು ಬರೀ ಮರಳಿನ ಹಾದಿ. ನೀರಿಲ್ಲದಿದ್ದರೂ ಹಾದಿ ಅಳಿಸಿಲ್ಲ. ಕಡಲಿಗೆ ಹೋಗುವ ದಿಕ್ಕನ್ನು ಮರಳು ಮರೆತಿಲ್ಲ. ಆ ಮರಳಿನ ಮೇಲೆ ಬರಿಗಾಲಲ್ಲಿ ನಡೆದಾಗಲೆಲ್ಲ, ಎಂದೂ ನೋಡಿರದ ಒಂದು ಹಡಗು ನನ್ನ ಕಣ್ಣಿಗೆ ಕಟ್ಟುತ್ತದೆ.

ಆ ಹಡಗಿನ ಹೆಸರು ಗೆಲ್ಡರ್‌ಮಾಲ್ಸೆನ್. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದು. 1751ರ ಡಿಸೆಂಬರಿನಲ್ಲಿ ಅದು ಚೀನಾದ ಕ್ಯಾಂಟನ್ನಿನಿಂದ ಹೊರಟಾಗ ಹೊಟ್ಟೆಯ ತುಂಬ ಇದ್ದದ್ದು ಟೀ, ಸುಮಾರು ಏಳು ಲಕ್ಷ ಪೌಂಡು. ಅದರ ಅಡಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪಿಂಗಾಣಿ ಬಟ್ಟಲು, ತಟ್ಟೆ, ಸಾಸರು. ಪಿಂಗಾಣಿಯನ್ನು ತಳಕ್ಕಿಡುವುದು ಆ ಕಾಲದ ಹಡಗಿನವರ ಜಾಣ್ಮೆ. ಅದರ ಭಾರಕ್ಕೆ ಹಡಗು ವಾಲದೆ ನಿಲ್ಲುತ್ತಿತ್ತು, ತಳದಲ್ಲಿ ಜಿನುಗುವ ನೀರು ಟೀ ಪೆಟ್ಟಿಗೆಗಳನ್ನು ಮುಟ್ಟುತ್ತಿರಲಿಲ್ಲ. ಬಟ್ಟಲುಗಳು ತಾವು ನೆನೆದು ಎಲೆಯನ್ನು ಒಣಗಿಸಿ ಇಡುತ್ತಿದ್ದವು. 1752ರ ಜನವರಿ 3ರಂದು, ದಕ್ಷಿಣ ಚೀನಾ ಸಮುದ್ರದಲ್ಲಿ, ಅಪಾಯದ ಬಂಡೆಯನ್ನು ದಾಟಿಬಿಟ್ಟೆವು ಅಂದುಕೊಂಡಿದ್ದ ಹೊತ್ತಿಗೆ ಹಡಗು ಬಂಡೆಗೆ ತಾಗಿತು. ಅದರಲ್ಲಿದ್ದ 112 ಜನರಲ್ಲಿ ಎರಡು ದೋಣಿಗಳನ್ನು ಹಿಡಿದು, ಕಂಪನಿಯ ನೆಲೆಯಿದ್ದ ಬಟಾವಿಯಾ ಸೇರಿದವರು 32 ಮಂದಿ. ದಡ ಮುಟ್ಟಿದ ಆ ಜನರನ್ನು ಕಂಪನಿಯ ಅಧಿಕಾರಿಗಳು ಕೂರಿಸಿಕೊಂಡು ವಿಚಾರಿಸಿದ್ದು ಹಡಗಿನಲ್ಲಿದ್ದ ಚಿನ್ನ ಏನಾಯಿತು ಎಂದು.

ಆ ದೋಣಿಗಳಲ್ಲಿ ಕೂತವರ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿನ್ನೆಯವರೆಗೆ ಮೂಗಿಗೆ ಅಂಟಿಕೊಂಡಿದ್ದ ಟೀ ಸೊಪ್ಪಿನ ವಾಸನೆ ಹೋಗಿ ಬರೀ ಉಪ್ಪಿನ ವಾಸನೆ. ನಿನ್ನೆಯವರೆಗೆ ಎಣಿಸುತ್ತಿದ್ದ ಪೆಟ್ಟಿಗೆಗಳೆಲ್ಲ ಹೋಗಿ ಈಗ ಎಣಿಸಲು ಉಳಿದದ್ದು ಪಕ್ಕದವನ ಉಸಿರು. ಬೆಳಕು ಹರಿದಾಗ ಎಲ್ಲ ದಿಕ್ಕೂ ಒಂದೇ ಆಗಿ, ಆಕಾಶವೂ ನೀರೂ ಒಂದೇ ಬೂದುಬಣ್ಣವಾಗಿ ಕಂಡಿರಬಹುದಾದ ಆ ಮುಂಜಾವಿನಲ್ಲಿ, ಬದುಕಿದ್ದೇವೆ ಅನ್ನುವ ಒಂದೇ ಒಂದು ಸಂಗತಿ ಎಷ್ಟು ದೊಡ್ಡದಾಗಿ ಅವರ ಮುಂದೆ ನಿಂತಿರಬೇಕು!

ಅದೇ ಕಾಲದಲ್ಲಿ, ಅದೇ ಸೂರ್ಯನ ಕೆಳಗೆ, ನಮ್ಮ ಚಿಂತಾಮಣಿ ಸೀಮೆಯ ಕಲ್ಲುಹಾದಿಗಳಲ್ಲಿ ಇನ್ನೊಬ್ಬ ವ್ಯಾಪಾರಿ ನಡೆಯುತ್ತಿದ್ದರು. ಕೈವಾರದ ನಾರಾಯಣಪ್ಪ, ಬಳೆಗಾರರು. ಹುಟ್ಟಿದ್ದು 1726ರಲ್ಲಿ ಎಂದು ಭಕ್ತರು ಹೇಳುತ್ತಾರೆ. ಅಂದರೆ ಆ ಹಡಗು ಮುಳುಗಿದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅತ್ತ ಪಿಂಗಾಣಿ, ಇತ್ತ ಗಾಜು. ಅತ್ತ ಹಾಯಿ, ಇತ್ತ ಹೆಗಲು. ಎರಡೂ ಒಡೆಯುವ ಸರಕೇ.

ಬಳೆಗಾರರ ನಡಿಗೆಯನ್ನು ನೋಡಿದವರು ಅದನ್ನು ಮರೆಯಲಾರರು. ನಾನು ಚಿಕ್ಕವನಿದ್ದಾಗ ವಿದುರಾಶ್ವತ್ಥದ ಜಾತ್ರೆಯಲ್ಲಿ, ಸಾಲು ಸಾಲು ನಾಗರಕಲ್ಲುಗಳ ಆಚೆ, ಮಲಾರ ಇಳಿಸಿ ಕೂತಿದ್ದ ಒಬ್ಬ ಮುದುಕರ ಮುಂದೆ ಅವ್ವ ಕೈ ಚಾಚಿದ್ದಳು. ಹೊಲದ ಕೆಲಸದಲ್ಲಿ ಗಡುಸಾದ ಕೈ. ಗಿಣಿಹಸಿರು ಬಳೆ ಗೆಣ್ಣಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅವರು ಅವಸರ ಮಾಡಲಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಹಿಟ್ಟು ನಾದುವಂತೆ ಮೆಲ್ಲಗೆ ಒತ್ತುತ್ತ, ‘ಕೈ ಸಡ್ಲ ಬಿಡಮ್ಮ, ಸಡ್ಲ ಬಿಡು, ಅದೇ ಹೋಗ್ತದೆ’ ಅಂದರು. ಅವ್ವ ಎಲ್ಲಿಯೋ ನೋಡುತ್ತ ಉಸಿರು ಬಿಟ್ಟಳು. ಬಳೆ ಯಾವ ಗಳಿಗೆಯಲ್ಲಿ ಗೆಣ್ಣು ದಾಟಿತೋ ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದರೂ ಕಾಣಲಿಲ್ಲ. ಮುಂದೆ ಯಾವಾಗಲೋ ಆ ಬಳೆಗಳಲ್ಲೊಂದು ಚೂರಾದಾಗ ಒಡೆಯಿತು ಅಂದ ನನ್ನ ಬಾಯಿಗೆ ಅಜ್ಜಿ ಬೆರಳಿಟ್ಟು, ‘ಹಾಗನ್ನಬಾರದು, ಬಳೆ ಹಿಗ್ಗಿತು ಅನ್ನಬೇಕು’ ಎಂದು ತಿದ್ದಿದಳು. ಒಡೆದದ್ದನ್ನು ಹಿಗ್ಗು ಎಂದು ಕರೆದ ಭಾಷೆಯಲ್ಲಿ ಹುಟ್ಟಿದ್ದೇನಲ್ಲ ಎಂದು ಆಮೇಲೆ ಎಷ್ಟೋ ವರ್ಷಗಳ ನಂತರ ನನಗೆ ಮೈ ಜುಮ್ಮೆಂದಿತ್ತು.

ನಾರಾಯಣಪ್ಪನವರ ಮನಸ್ಸು ವ್ಯಾಪಾರದಲ್ಲಿ ನಿಲ್ಲಲಿಲ್ಲವಂತೆ. ಊರೂರು ಅಲೆಯುವಾಗಲೂ ಅವರ ಕಿವಿ ಬೇರೆಲ್ಲೋ ಇತ್ತಂತೆ. ಒಮ್ಮೆ ದಾರಿಯಲ್ಲಿ ಪರದೇಶಿ ಸ್ವಾಮಿ ಎಂಬ ಗುರು ಸಿಕ್ಕಿ ಅಷ್ಟಾಕ್ಷರಿ ಮಂತ್ರವನ್ನು ಉಪದೇಶಿಸಿ, ಒಂದು ಕಲ್ಲನ್ನು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ಜಪಿಸು, ಇದು ಕಲ್ಲುಸಕ್ಕರೆಯಾದ ದಿನ ನಿನಗೆ ಸಿದ್ಧಿ ಅಂದರು ಎನ್ನುವುದು ನಮ್ಮ ಕಡೆ ಮನೆಮನೆಯಲ್ಲೂ ಹೇಳುವ ಕಥೆ. ಹೆಗಲ ಮೇಲಿನ ಮಲಾರ ಇಳಿಯಿತು. ಕೈವಾರದ ಬೆಟ್ಟದ ಗವಿಯಲ್ಲಿ, ಆ ತಂಪು ಕತ್ತಲೆಯಲ್ಲಿ, ಕಲ್ಲನ್ನು ನಾಲಿಗೆಯ ಮೇಲಿಟ್ಟುಕೊಂಡು ಅವರು ಕೂತರು. ಮೂರು ವರ್ಷ. ಆಮೇಲೆ ಒಂದು ದಿನ ಕಲ್ಲು ಕರಗತೊಡಗಿತು.

ಆ ಗವಿಯ ಮುಂದೆ ನಿಂತಾಗ ಇದು ಹೇಗೆ ಸಾಧ್ಯ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ನಾಲಿಗೆ ತಾನಾಗಿ ಅಂಗುಳಿಗೆ ತಾಗಿ, ಬಾಯೊಳಗೆ ಇಲ್ಲದ ಕಲ್ಲೊಂದನ್ನು ಹುಡುಕುತ್ತದೆ. ಬಂಡೆಯ ಸಂದಿಯಿಂದ ಬರುವ ಗಾಳಿಯಲ್ಲಿ ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ. ಕೆಳಗೆ ಎಲ್ಲಿಯೋ ಮೇಕೆಯ ಕೊರಳ ಗಂಟೆ. ಮೂರು ವರ್ಷ ಒಂದು ಕಲ್ಲಿನ ರುಚಿಯನ್ನೇ ನೋಡಿದ ಬಾಯಿಂದ ಮುಂದೆ ತೆಲುಗು, ಕನ್ನಡ ಎರಡರಲ್ಲೂ ಪದಗಳು ಬಂದವು. ಬಳೆಗಾರ ನಾರಾಯಣಪ್ಪ ನಮಗೆಲ್ಲ ಕೈವಾರ ತಾತಯ್ಯನಾದರು. ಊರೂರಿಗೆ ಹೊತ್ತು ತರುತ್ತಿದ್ದ ಗಾಜೆಲ್ಲ ಎಂದೋ ಹಿಗ್ಗಿ ಮಣ್ಣಾಯಿತು. ಪದಗಳು ಇವತ್ತಿಗೂ ಭಜನೆಯ ತಾಳದೊಡನೆ ಸಂಜೆಯ ಊರುಗಳಲ್ಲಿ ಏಳುತ್ತವೆ.

ಆ ಹಡಗಿನ ಕಥೆ 1752ಕ್ಕೆ ಮುಗಿಯಲಿಲ್ಲ. 1985ರಲ್ಲಿ, ಮುಳುಗಿದ ಹಡಗುಗಳನ್ನು ಹುಡುಕುತ್ತಿದ್ದ ಮೈಕೆಲ್ ಹ್ಯಾಚರ್ ಮತ್ತು ಅವರ ಮುಳುಗುಗಾರರು ಅದನ್ನು ಕಂಡರು. ಪೆಟ್ಟಿಗೆಗಳು ಕೊಳೆತುಹೋಗಿ ಟೀ ಎಲ್ಲ ದಪ್ಪನೆಯ ಪದರವಾಗಿ ಕುಸಿದು, ಪಿಂಗಾಣಿಯ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಹವಳ, ಅಲೆಗಳ ಉಜ್ಜಾಟ ಯಾವುದನ್ನೂ ಅದು ಹತ್ತಿರ ಬಿಟ್ಟಿರಲಿಲ್ಲ. ಎಲೆಯನ್ನು ಸರಿಸಿದರೆ ಅಡಿಯಲ್ಲಿ ನೀಲಿ ಹೂಬಳ್ಳಿಯ ಬಟ್ಟಲುಗಳು, 233 ವರ್ಷ ನಿದ್ದೆ ಮಾಡಿ ಎದ್ದ ಮಕ್ಕಳ ಹಾಗೆ. ಯಾವ ಚಿನ್ನಕ್ಕಾಗಿ ಬದುಕಿ ಬಂದವರನ್ನು ಕೂರಿಸಿ ವಿಚಾರಿಸಿದ್ದರೋ ಆ ಚಿನ್ನದ ಬಹುಪಾಲೂ ಅಲ್ಲೇ ಇತ್ತು. ಹಡಗು ತೇಲುತ್ತಿದ್ದಾಗ ಬಟ್ಟಲು ಎಲೆಯನ್ನು ಕಾಯಿತು. ಮುಳುಗಿದ ಮೇಲೆ ಎಲೆ ಬಟ್ಟಲನ್ನು ಕಾಯಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಾಗಿ ಆ ಬಟ್ಟಲುಗಳು ಮನೆಮನೆಗೆ ಹೋದವು. ಕುಡಿಯಲೆಂದು ಹೊರಟ ಎಲೆ ಯಾರ ತುಟಿಗೂ ತಲುಪಲಿಲ್ಲ. ಆದರೆ ತನ್ನ ಜೊತೆ ಹೊರಟದ್ದನ್ನು ಅದು ಕಡೆಗೂ ದಡ ಮುಟ್ಟಿಸಿತು.

ಯಾರು ಯಾರನ್ನು ಹೊತ್ತಿರುತ್ತಾರೆ, ಯಾವುದು ಯಾವುದನ್ನು ಕಾಯುತ್ತಿರುತ್ತದೆ ಎಂದು ನಮಗೆ ಹೊರಡುವಾಗ ಎಲ್ಲಿ ಗೊತ್ತಾಗುತ್ತದೆ? ಬಳೆಗಾರರು ಮಲಾರವನ್ನು ಹೊತ್ತೆ ಅಂದುಕೊಂಡು ನಡೆದರು. ಅಷ್ಟು ವರ್ಷ ಹುಷಾರಾಗಿ ಹೆಜ್ಜೆ ಇಡುವುದನ್ನು ಆ ಗಾಜೇ ಅವರಿಗೆ ಕಲಿಸುತ್ತಿತ್ತೇನೋ.

ಲೋಟ ಖಾಲಿಯಾಗಿದೆ. ತಳದಲ್ಲಿ ಎರಡು ಚೂರು ಎಲೆ ಒದ್ದೆಯಾಗಿ ಮಲಗಿವೆ. ಹಿಂದೂಪುರದ ಕಡೆಯಿಂದ ರೈಲು ಕೂಗುತ್ತಿದೆ; ಅಂಗಡಿಯ ಮುಂದೆ ಹೂವಿನ ಬುಟ್ಟಿ ಇಳಿಸಿಕೊಂಡ ಹೆಂಗಸು ಲೋಟಕ್ಕೆ ಕೈ ಚಾಚುವಾಗ ಅವಳ ಬಳೆಗಳು ಸಣ್ಣಗೆ ಸದ್ದು ಮಾಡುತ್ತವೆ. ನೀವೂ ನಾಳೆ ಬೆಳಗ್ಗೆ ಟೀ ಕುಡಿಯುವಾಗ ಒಂದು ಗಳಿಗೆ ತಳದಲ್ಲಿ ಉಳಿದ ಎಲೆಯನ್ನು ನೋಡಿ. ಏನನ್ನೋ ಬಿಗಿಯಾಗಿ ಹಿಡಿದುಕೊಂಡಿದ್ದರೆ, ಆ ಮುದುಕರು ಅವ್ವನಿಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತೇನೆ: ಕೈ ಸಡಿಲ ಬಿಡಿ.