ಅಳಿಸಿದ ಚಂದ್ರ, ಉಳಿದ ಕಳ್ಳರು

ಜಪಾನಿನ ನಿಂಟೆಂಡೊ ಕಂಪನಿಯ 'ದಿ ಲೆಜೆಂಡ್ ಆಫ್ ಝೆಲ್ಡಾ' ಎಂಬ ವೀಡಿಯೋ ಗೇಮ್ ಸರಣಿ ಆರಂಭವಾದದ್ದು 1986ರಲ್ಲಿ. ಹೈರೂಲ್ ಎಂಬ ರಾಜ್ಯ, ಝೆಲ್ಡಾ ಎಂಬ ರಾಜಕುಮಾರಿ, ಲಿಂಕ್ ಎಂಬ ಹುಡುಗ, ಗ್ಯಾನನ್ ಎಂಬ ದುಷ್ಟ. ಅಜ್ಜಿ ಕತೆಗಳಲ್ಲಿ ಇದ್ದದ್ದೇ. ಈ ಆಟಗಳ ಒಳಗೆ ಹುದುಗಿರುವ ವಿಚಿತ್ರಗಳನ್ನು, ತಿದ್ದಿದ ಗುರುತುಗಳನ್ನು ಹೆಕ್ಕಿ ತೆಗೆಯುವ ಹವ್ಯಾಸಿಗಳು ಲೋಕದ ತುಂಬ ಇದ್ದಾರೆ. ಅವರು ಹೆಕ್ಕಿದವುಗಳಲ್ಲಿ ಒಂದೆರಡು ಸಂಗತಿಗಳು ಮುಸ್ಲಿಮರಾದ ನಮ್ಮನ್ನೂ ಮುಟ್ಟುವಂಥವು.

1998ರಲ್ಲಿ ಬಂದ 'ಆಕರಿನಾ ಆಫ್ ಟೈಮ್' ಈ ಸರಣಿಯ ಅತ್ಯಂತ ಪ್ರಸಿದ್ಧ ಆಟ. ಅದರಲ್ಲಿ ಜ್ವಾಲಾಮುಖಿಯ ಒಳಗೊಂದು ಬೆಂಕಿಯ ದೇಗುಲವಿದೆ. ಅಲ್ಲಿ ಬಂಧಿಗಳಿದ್ದಾರೆ, ಅವರನ್ನು ತಿನ್ನಲು ಕಾದಿರುವ ಒಂದು ಬೆಂಕಿ ಸರ್ಪವಿದೆ. ಹುಡುಗ ಒಳಗೆ ಕಾಲಿಟ್ಟೊಡನೆ ಹಿನ್ನೆಲೆಯಲ್ಲಿ ಗಂಡಸಿನ ಕಂಠವೊಂದು ಅರಬಿ ಭಾಷೆಯಲ್ಲಿ ಏರಿ ಇಳಿಯುತ್ತದೆ. ಕಿವಿಗೊಟ್ಟು ಕೇಳಿದರೆ 'ಅಲ್ಲಾಹು ಅಕ್ಬರ್' ಎಂಬುದು ನಮಗೆ ತಿಳಿಯದೆ ಹೋಗುವುದಿಲ್ಲ. ಸಂಗೀತ ನಿರ್ದೇಶಕರಿಗೆಂದು ಮಾರುವ ಸಿದ್ಧ ಧ್ವನಿಗಳ ಸಿ.ಡಿ.ಯಿಂದ ಎತ್ತಿಕೊಂಡ ತುಣುಕು ಅದು. ಸಂಗೀತ ನೀಡಿದ ಕೋಜಿ ಕೊಂಡೊ ಅವರಿಗೆ ಪುರಾತನವೂ ಗಂಭೀರವೂ ಆದ ಒಂದು ದನಿ ಬೇಕಿದ್ದಿರಬೇಕು, ಅಷ್ಟೆ. ಆದರೆ ಪ್ರಾರ್ಥನೆ ಹೋಗಿ ಸೇರಿದ್ದು ಸರ್ಪದ ಗುಹೆಗೆ.

ಆ ಆಟದ ಮೂರನೆಯ ಆವೃತ್ತಿಯಲ್ಲಿ ಈ ದನಿಯಿಲ್ಲ. ಅದರ ಜಾಗದಲ್ಲಿ ಯಂತ್ರದಿಂದ ಹೊರಡಿಸಿದ, ಅರ್ಥವಿಲ್ಲದ ಒಂದು ಗುಂಪುಗಾನವಿದೆ. ಏಕೆ? ಆಟಗಾರರ ನಡುವೆ ಬಹುಕಾಲ ಓಡಾಡಿದ ಉತ್ತರ ಇಷ್ಟೇ: ಮುಸ್ಲಿಮರು ಗಲಾಟೆ ಮಾಡಿದರು, ಕಂಪನಿ ಹೆದರಿ ತೆಗೆಯಿತು.

ಹವ್ಯಾಸಿಗಳು ಆಟದ ಒಳಗಿನ ಸಂಕೇತಗಳನ್ನು ಬಿಚ್ಚಿ ನೋಡಿದರು. ಪ್ರತಿ ಆವೃತ್ತಿಯಲ್ಲೂ ಅದು ಸಿದ್ಧವಾದ ದಿನಾಂಕ ಅಡಗಿತ್ತು. ಮೊದಲನೆಯದು 1998ರ ಅಕ್ಟೋಬರ್ 21, ಎರಡನೆಯದು ಅಕ್ಟೋಬರ್ 26, ಮೂರನೆಯದು ನವೆಂಬರ್ 12. ಆಟ ಜಪಾನಿನ ಅಂಗಡಿಗಳಿಗೆ ಬಂದದ್ದು ನವೆಂಬರ್ 21ರಂದು. ಎಂದರೆ ಯಾವ ಮುಸ್ಲಿಮನೂ ಆಟವನ್ನು ಕೊಂಡು ಕೇಳುವ ಮೊದಲೇ ಆ ದನಿ ಮೌನವಾಗಿತ್ತು. ನಾವು ಕೇಳಿಯೇ ಇರದ ದನಿಗೆ ನಾವು ಸಿಟ್ಟಾದೆವು ಎಂದು ಕತೆ ಕಟ್ಟಲಾಯಿತು!

ಆಟಗಳಲ್ಲಿ ಧಾರ್ಮಿಕ ಗುರುತುಗಳು ಇರಕೂಡದೆಂಬುದು ಕಂಪನಿಯ ಹಳೆಯ ನಿಯಮ. ಮೊದಲ ಆಟದ ಜಪಾನೀ ಆವೃತ್ತಿಯಲ್ಲಿ 'ಬೈಬಲ್' ಆಗಿದ್ದ ಪುಸ್ತಕ ಅಮೆರಿಕಕ್ಕೆ ಹೋಗುವಾಗ 'ಮಾಯಾ ಪುಸ್ತಕ'ವಾಯಿತು. 1991ರ ಆಟದ ಪುರೋಹಿತ ಅಲ್ಲಿ ಮಾಂತ್ರಿಕನಾದ. ಇದಕ್ಕಾಗಿ ಕ್ರೈಸ್ತರು ಬೀದಿಗಿಳಿದರೆಂದು ಯಾರೂ ಕತೆ ಕಟ್ಟಲಿಲ್ಲ, ಕಟ್ಟಿದ್ದರೂ ಯಾರೂ ನಂಬುತ್ತಿರಲಿಲ್ಲ. ಒಂದೇ ನಿಯಮ, ಒಂದೇ ಕತ್ತರಿ. ಒಂದು ಕಡೆ ಅದು ಕಚೇರಿಯ ಕೆಲಸ, ಇನ್ನೊಂದು ಕಡೆ ಒಂದು ಸಮುದಾಯದ ಸ್ವಭಾವಕ್ಕೆ ಸಾಕ್ಷಿ. ಮಾಡಿದ ತಪ್ಪಿಗೆ ಕ್ಷಮೆ ಕೇಳಬಹುದು. ಮಾಡದ ಗಲಾಟೆಗೆ ಏನು ಹೇಳುವುದು?

ಉರ್ದು ಬಲ್ಲ ನಮ್ಮ ಹಿರಿಯರು ಬೇಅದಬಿ ಬೇರೆ, ಗುಸ್ತಾಖಿ ಬೇರೆ ಎನ್ನುತ್ತಿದ್ದರು. ಮೊದಲನೆಯದು ತಿಳಿಯದೆಯೂ ಆಗುವಂಥದು. ಎರಡನೆಯದಕ್ಕೆ ಮನಸ್ಸು ಮಾಡಬೇಕು. ಸಿ.ಡಿ.ಯಿಂದ ದನಿ ಎತ್ತಿಕೊಂಡವರಲ್ಲಿ ಗುಸ್ತಾಖಿ ಇರಲಿಲ್ಲವೆಂದೇ ನಾವು ಭಾವಿಸುತ್ತೇವೆ. ಆದರೆ ನಿಯ್ಯತ್ತು ಶುದ್ಧವಾಗಿದ್ದರೆ ಎಲ್ಲವೂ ಸರಿಹೋಯಿತು ಎನ್ನುವಂತೆಯೂ ಇಲ್ಲ. ಇದೇ ಆಟದ ಇನ್ನೊಂದು ಗುರುತು ನೋಡಿ.

ಹೈರೂಲಿನ ಪಶ್ಚಿಮದ ಮರಳುಗಾಡಿನಲ್ಲಿ ಗೆರುಡೊ ಎಂಬ ಜನರಿದ್ದಾರೆ. ಕಂದು ಮೈಬಣ್ಣ, ಉದ್ದ ಮೂಗು, ಸಡಿಲ ಷರಾಯಿ. ಎಲ್ಲರೂ ಹೆಂಗಸರು, ನೂರು ವರ್ಷಕ್ಕೊಬ್ಬ ಗಂಡು ಹುಟ್ಟಿ ರಾಜನಾಗುತ್ತಾನೆ, ಈ ಆಟದಲ್ಲಿ ಆ ರಾಜನೇ ದುಷ್ಟ. ಜನರ ಕಸುಬು ಕಳ್ಳತನ. ಬಡಗಿಗಳನ್ನು ಹಿಡಿದು ಸೆರೆಯಲ್ಲಿಡುತ್ತಾರೆ. ಇವರ ಲಾಂಛನ ಅರ್ಧಚಂದ್ರ, ಪಕ್ಕದಲ್ಲೊಂದು ನಕ್ಷತ್ರ. 2002ರಲ್ಲಿ ಗೇಮ್‌ಕ್ಯೂಬ್ ಯಂತ್ರಕ್ಕೆ ಆಟವನ್ನು ಮತ್ತೆ ಹೊರತಂದಾಗ ಕಲ್ಲು, ಬಾವುಟ, ಗುರಾಣಿಗಳ ಮೇಲಿದ್ದ ಆ ಚಂದ್ರ-ನಕ್ಷತ್ರಗಳನ್ನು ಅಳಿಸಿ ಬೇರೊಂದು ಚಿಹ್ನೆ ಬರೆದರು.

ಚಂದ್ರ ಹೋದ. ಮರಳುಗಾಡು, ಕಂದು ಮೈ, ಷರಾಯಿ, ಕಳ್ಳತನ ಎಲ್ಲವೂ ಹಾಗೇ ಉಳಿದವು. ಅರ್ಧಚಂದ್ರ ನಮ್ಮ ಧರ್ಮಗ್ರಂಥ ವಿಧಿಸಿದ ಲಾಂಛನವೇನಲ್ಲ. ಇಸ್ಲಾಮಿಗೆ ಮುಂಚೆಯೇ ಇದ್ದದ್ದು, ತುರ್ಕರ ಬಾವುಟದ ಮೂಲಕ ಮುಸ್ಲಿಮರ ಗುರುತಾಯಿತು. ಅದನ್ನು ಅಳಿಸಿದರೆ ಕಂಪನಿಯ ನಿಯಮ ಪಾಲಿಸಿದಂತಾಯಿತು, ನಿಜ. ನೋಯಿಸುವುದು ಚಿಹ್ನೆಯೋ, ಚಿತ್ರವೋ? ಚಿಹ್ನೆಯಿದ್ದಾಗ 'ಇವರು ಯಾರ ಹೋಲಿಕೆ?' ಎಂದು ಬೆರಳಿಟ್ಟು ಕೇಳಲಾದರೂ ಆಗುತ್ತಿತ್ತು. ಅಳಿಸಿದ ಮೇಲೆ ಕೇಳಿದರೆ ನಾವೇ ಎಲ್ಲದರಲ್ಲೂ ನಮ್ಮನ್ನು ಕಾಣುವ ಸಂಶಯಪಿಶಾಚಿಗಳು. (ಆ ಆಟದಲ್ಲೇ ನಬೂರು ಎಂಬ ಗೆರುಡೊ ಹೆಂಗಸು ರಾಜನನ್ನು ಎದುರಿಸುತ್ತಾಳೆ ಎಂಬುದನ್ನೂ ಹೇಳಬೇಕು. ಅವಳೂ ಕಳ್ಳಿಯೇ, ಆದರೆ ಹೆಂಗಸರು ಮಕ್ಕಳನ್ನು ದೋಚುವ ರಾಜನಂಥವಳು ತಾನಲ್ಲ ಎನ್ನುತ್ತಾಳೆ.)

ಹಾಗೆಂದು ಆಕ್ಷೇಪವೇ ಬರಲಿಲ್ಲವೆಂದಲ್ಲ. 2008ರ ಅಕ್ಟೋಬರಿನಲ್ಲಿ ಸೋನಿ ಕಂಪನಿಯ 'ಲಿಟ್ಲ್ ಬಿಗ್ ಪ್ಲಾನೆಟ್' ಎಂಬ ಬೇರೊಂದು ಆಟದ ಹಾಡಿನಲ್ಲಿ ಕುರ್‌ಆನಿನ ಎರಡು ನುಡಿಗಳಿವೆ ಎಂದು ಮುಸ್ಲಿಮ್ ಆಟಗಾರರೊಬ್ಬರು ಕಂಪನಿಗೆ ಬರೆದರು. ಕಂಪನಿ ಬಿಡುಗಡೆಯನ್ನೇ ಮುಂದೂಡಿ ಅದನ್ನು ತೆಗೆಯಿತು. ಹಾಡು ಮಾಲಿ ದೇಶದ ತೂಮಾನಿ ದಿಯಾಬಾತೆ ಅವರದು. ಅವರೂ ಮುಸ್ಲಿಮರೇ, ಅವರ ನಾಡಿನಲ್ಲಿ ಹಾಡಿನೊಳಗೆ ಪವಿತ್ರ ನುಡಿ ಬರುವುದು ಭಕ್ತಿಯ ರೂಢಿ. ಒಬ್ಬನ ಅದಬು ಇನ್ನೊಬ್ಬನಿಗೆ ಬೇಅದಬಿಯಾಗಿ ಕೇಳಿತು. ಬರೆದವರನ್ನು ನಾವು ದೂರುವುದಿಲ್ಲ, ಸಭ್ಯವಾಗಿ ಕೇಳುವುದು ಅವರ ಹಕ್ಕು. ಆದರೂ ಆ ಸಂಗೀತಗಾರನ ಬಗ್ಗೆ ನಮ್ಮ ಮನಸ್ಸು ಮರುಗುತ್ತದೆ.

ಝೆಲ್ಡಾ ಸರಣಿಯ ಚಿತ್ರ ಬದಲಾಗಲು 2017 ಬರಬೇಕಾಯಿತು. ಆ ವರ್ಷದ 'ಬ್ರೆತ್ ಆಫ್ ದಿ ವೈಲ್ಡ್' ಆಟದಲ್ಲಿ ಗೆರುಡೊಗಳು ಕಳ್ಳರಲ್ಲ. ಅವರಿಗೊಂದು ಪಟ್ಟಣವಿದೆ, ಸಂತೆಯಿದೆ, ರಿಜು ಎಂಬ ಎಳೆಯ ಒಡತಿಯಿದ್ದಾಳೆ, ಉರ್ಬೋಸಾ ಎಂಬ ವೀರಳ ನೆನಪಿದೆ. ಯಾರೂ ಏನನ್ನೂ ಅಳಿಸಲಿಲ್ಲ, ಬದಲಿಗೆ ಹೆಚ್ಚು ಬರೆದರು. ಗಂಡಸರಿಗೆ ಆ ಪಟ್ಟಣದೊಳಗೆ ಪ್ರವೇಶವಿಲ್ಲ. ಲಿಂಕ್ ಹೆಣ್ಣುಡುಗೆ ತೊಟ್ಟು, ಮೂಗಿನಿಂದ ಕೆಳಗೆ ಮುಸುಕು ಹಾಕಿಕೊಂಡು ಹೋಗಬೇಕು. ಮುಸುಕನ್ನು ಮತ್ತೆ ವೇಷವಾಗಿಸಿದರಲ್ಲ ಎಂದು ಗೊಣಗುವವರಿದ್ದಾರೆ. ನಾವೂ ಕೊಂಚ ಗೊಣಗಿದ್ದುಂಟು. ಬಾಗಿಲಲ್ಲಿ ಈಟಿ ಹಿಡಿದ ಕಾವಲಿನ ಹೆಂಗಸರು ಮಾತ್ರ ಅವನನ್ನು ತಡೆಯದೆ ಒಳಗೆ ಬಿಡುತ್ತಾರೆ.