ಒಂದು ಇರುಳಿನ ತಂಗು

ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ಬೇವೂರು, ಹುನಗುಂದ, ಇಳಕಲ್ ಸುತ್ತಿನ ಎರೆಭೂಮಿಯಲ್ಲಿ ಕುರಿಗಾರರ ಹಟ್ಟಿ ಬೀಳುತ್ತದೆ. ಕೆಸರಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ಬೇಸಿಗೆಯಲ್ಲಿ ಹುಲ್ಲು ಒಣಗುತ್ತದೆ. ಆದ್ದರಿಂದ ಉತ್ತರ ಕರ್ನಾಟಕದ ಕುರುಬರು ಮಳೆಗಾಲಕ್ಕೆ ಒಣನಾಡನ್ನೂ ಸುಗ್ಗಿಯ ನಂತರ ಮೇವು-ನೀರಿರುವ ಸೀಮೆಯನ್ನೂ ಹುಡುಕಿಕೊಂಡು ಹಿಂಡು ಹೊಡೆಯುತ್ತಾರೆ. ಋತುವಿನಿಂದ ತಪ್ಪಿಸಿಕೊಂಡು ಸಾಗುವ ಈ ಬದುಕು ತಂಗಿದಷ್ಟು ಹೊತ್ತು ಮಾತ್ರ ನೆಲೆ ಕಾಣುತ್ತದೆ. ತನ್ನದಲ್ಲದ ನೆಲದಲ್ಲಿ ಒಂದು ರಾತ್ರಿ ಕಳೆಯುವವನಿಗೂ ಆ ನೆಲಕ್ಕೂ ಇರುವ ಸಂಬಂಧವೇನು ಎಂಬ ಧರ್ಮದ ಪ್ರಶ್ನೆ ಇಲ್ಲಿ ಏಳುತ್ತದೆ.

ರೂಢಿಯಲ್ಲಿ ಇದಕ್ಕೊಂದು ಉತ್ತರವಿದೆ. ಹೊಲದೊಡೆಯ ಒಪ್ಪಿದರೆ ಮಾತ್ರ ಕುರಿ ತರುಬುತ್ತಾರೆ. ಹಿಕ್ಕೆ, ಗಂಜಲಗಳಿಂದ ಮಣ್ಣಿಗೆ ಗೊಬ್ಬರ ಸಿಗುತ್ತದೆ. ರೈತ ಅದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಹೀಗೆ ತಂಗಿದವನು ಋಣಿಯಾಗಿ ಉಳಿಯುವುದಿಲ್ಲ, ನೆಲವನ್ನು ಬರಿದಾಗಿಸಿಯೂ ಹೋಗುವುದಿಲ್ಲ.

ಇದೇ ನಾಡಿನ ಜೈನ ಮುನಿಗಳ ನಡೆಯಲ್ಲಿ ಇನ್ನೊಂದು ಉತ್ತರವಿದೆ. ಬಾದಾಮಿಯ ನಾಲ್ಕನೆಯ ಗುಹೆಯೂ, ರವಿಕೀರ್ತಿ 634ರಲ್ಲಿ ಕಟ್ಟಿಸಿದ ಐಹೊಳೆಯ ಮೇಗುಟಿ ಬಸದಿಯೂ ಆ ಪರಂಪರೆಯವು. ಮುನಿಗಳು ಎಂಟು ತಿಂಗಳು ವಿಹರಿಸಿ, ಮಳೆಯ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ಆಗ ನೆಲದಲ್ಲಿ ಹುಟ್ಟುವ ಸಣ್ಣ ಜೀವಗಳು ಕಾಲಡಿ ಸಾಯಬಾರದೆಂಬುದು ಈ ಚಾತುರ್ಮಾಸದ ಕಾರಣ. ಮಳೆ ಬಂದರೆ ಕುರಿಗಾರ ಹಿಂಡಿಗಾಗಿ ದಾರಿ ಬದಲಿಸುತ್ತಾನೆ, ಮುನಿ ಹುಳುಹುಪ್ಪಟೆಗಾಗಿ ನಡಿಗೆ ನಿಲ್ಲಿಸುತ್ತಾನೆ. ಒಬ್ಬನಿಗೆ ಸಂಸಾರವಿದೆ, ಇನ್ನೊಬ್ಬ ಅಪರಿಗ್ರಹಿ. ಆದರೂ ಇಬ್ಬರ ನಡೆಗೂ ನಿಲುಗಡೆಗೂ ಮಿತಿ ಹಾಕುವುದು ಬೇರೆ ಜೀವದ ಕ್ಷೇಮವೇ.

ಮೂರನೆಯ ಉತ್ತರ 12ನೆಯ ಶತಮಾನದ ಶರಣರದು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇದೇ ಬಾಗಲಕೋಟೆ ಜಿಲ್ಲೆಯಲ್ಲಿದೆ. ಶರಣರು ನಿಂತಿರುವ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ದೊಡ್ಡದೆಂದರು. ಹಾಗಾದರೆ ಹೊಲಕ್ಕೆ ಅಂಟಿಕೊಂಡ ರೈತ ಕೀಳೇ ಎಂದು ಕೇಳಬಹುದು. ಅಲ್ಲ. ಊರೂರು ಅಲೆದರೂ ತನ್ನದೆಂಬ ಹಟ ಬಿಡದವನು ಸ್ಥಾವರವೇ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವವನು ಮನೆಯಲ್ಲಿದ್ದೂ ಜಂಗಮದ ಹಾದಿಯಲ್ಲಿದ್ದಾನೆ. ತಂಗಲು ಬಂದವನಿಗೆ ಎಡೆ ಕೊಡುವ ರೈತನ ಕೆಲಸವೂ ಆ ಹಾದಿಯದೇ.

ನೆಲೆ ಶಾಶ್ವತವೆಂಬ ನಂಬಿಕೆ ಈ ಭಾಗದಲ್ಲಿ ಕಣ್ಣೆದುರೇ ಮುರಿದಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಬಡಾವಣೆಗಳೂ ಹಲವು ಹಳ್ಳಿಗಳೂ ಮುಳುಗಿದವು. ತಲೆತಲಾಂತರದ ಮನೆಗಳಲ್ಲಿ ಇದ್ದವರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋಗಬೇಕಾಯಿತು. ಅವರ ನೋವನ್ನು ವೈರಾಗ್ಯದ ಮಾತಿನಿಂದ ಮುಚ್ಚುವುದು ಅನ್ಯಾಯ. ಒಪ್ಪಿ ಹೊರಡುವುದು ಬೇರೆ, ಒಕ್ಕಲೆಬ್ಬಿಸಿಕೊಳ್ಳುವುದು ಬೇರೆ. ಆದರೂ ಒಡೆತನಕ್ಕೂ ಅವಧಿಯಿದೆ ಎಂಬುದನ್ನು ಆ ಅನುಭವ ತೋರಿಸಿತು.

ಕುರಿಗಾರರ ತಂಗೂ ಈಗ ಸುಲಭವಲ್ಲ: ವರ್ಷವಿಡೀ ಬೆಳೆ ನಿಲ್ಲುವ ನೀರಾವರಿ ಹೊಲದಲ್ಲಿ ಹಟ್ಟಿಗೆ ಜಾಗ ಸಿಗುವುದು ಕಷ್ಟ. ಅದಕ್ಕೇ ಹಳೆಯ ರೂಢಿಯ ಮೂರು ನಿಯಮಗಳನ್ನು ಉಳಿಸಿಕೊಳ್ಳಬೇಕು: ಕೇಳಿ ತಂಗುವುದು, ಬೇಕಾದಷ್ಟೇ ಬಳಸುವುದು, ಮುಂದಿನ ಬೆಳೆಗೆ ಏನಾದರೂ ಬಿಟ್ಟು ಹೋಗುವುದು. ಒಂದು ರಾತ್ರಿ ಇರುವವನಿಗೂ ಒಂದು ಆಯುಷ್ಯ ಇರುವವನಿಗೂ ಇವು ಸಮನಾಗಿ ಅನ್ವಯಿಸುತ್ತವೆ.